ಕಡಲಿನ ಕಂದು ಪಾಚಿ

ಮಕ್ಕಳೇ, ಕಾರವಾರ, ಭಟ್ಕಳದ ಕಡಲಬಂಡೆಗಳ ಮೇಲೆ ಸರ್ಗಾಸಮ್ ಎಂಬ ಕಂದು ಪಾಚಿ ಬೆಳೆಯುತ್ತದೆ. ಗಿಡದಂತೆ ಕಂಡರೂ ಇದಕ್ಕೆ ನಿಜವಾದ ಬೇರು, ಕಾಂಡ, ಎಲೆಗಳಿಲ್ಲ. ನೀರು, ಲವಣಗಳನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ಬುಡ ಬಂಡೆಗೆ ಅಂಟಿಕೊಳ್ಳಲು ಮಾತ್ರ. ಪುಟ್ಟ ಗಾಳಿಗುಳ್ಳೆಗಳು ಇದನ್ನು ಬಿಸಿಲಿನತ್ತ ಎತ್ತಿಹಿಡಿಯುತ್ತವೆ. ಪತ್ರಹರಿತ್ತು ಇದರಲ್ಲೂ ಇದೆ. ಆದರೆ ಫ್ಯೂಕೋಕ್ಸಾಂಥಿನ್ ಎಂಬ ವರ್ಣಕ ಹಸಿರನ್ನು ಮರೆಮಾಡುತ್ತದೆ.

ಅಲೆ ಬಡಿದರೂ ಇದು ಹರಿಯದೆ ಬಾಗುವುದೇಕೆ? ಇದರ ಕೋಶಭಿತ್ತಿಯಲ್ಲಿ ಆಲ್ಜಿನ್ ಎಂಬ ಲೋಳೆಯಂಥ ವಸ್ತುವಿದೆ. 1880ರ ದಶಕದಲ್ಲಿ ಬ್ರಿಟಿಷ್ ರಸಾಯನವಿಜ್ಞಾನಿ ಸ್ಟ್ಯಾನ್‌ಫರ್ಡ್ ಇದನ್ನು ಬೇರ್ಪಡಿಸಿದರು. ಐಸ್‌ಕ್ರೀಮ್ ನುಣುಪಾಗಿಸಲು, ಬಟ್ಟೆಗೆ ಬಣ್ಣದ ಅಚ್ಚು ಹಾಕಲು, ಹಲ್ಲಿನ ಅಳತೆ ತೆಗೆಯಲು ಇದರ ಲವಣಗಳು ಬೇಕು.

ಕೊಯ್ಯುವಾಗ ಬುಡವನ್ನು ಬಂಡೆಯಲ್ಲೇ ಬಿಡಬೇಕು; ಅದು ಮತ್ತೆ ಚಿಗುರುತ್ತದೆ. ಬುಡಸಮೇತ ಕಿತ್ತರೆ ಇದರ ನಡುವೆ ಅಡಗುವ ಮೀನುಮರಿಗಳೂ ಆಸರೆ ಕಳೆದುಕೊಳ್ಳುತ್ತವೆ.

ಯೋಚಿಸಿ: ಗಾಳಿಗುಳ್ಳೆಗಳೆಲ್ಲ ಒಡೆದರೆ ಈ ಪಾಚಿಗೆ ಏನಾಗಬಹುದು?