ಪಾನವಿವೇಕ ಮತ್ತು ವೃದ್ಧರ ಮೂತ್ರಬಾಧೆ

ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಆಹಾರವನ್ನು ಅನ್ನ, ಪಾನ, ಖಾದ್ಯ, ಲೇಹ್ಯವೆಂದು ನಾಲ್ಕಾಗಿ ಎಣಿಸುತ್ತದೆ. ರಾತ್ರಿಯಲ್ಲಿ ಈ ನಾಲ್ಕನ್ನೂ ಬಿಟ್ಟವನು ರಾತ್ರಿಭುಕ್ತಿವಿರತನು. ಅನ್ನದ ವಿಷಯದಲ್ಲಿ ನಮ್ಮ ಶ್ರಾವಕರು ತೋರುವ ಎಚ್ಚರವು ಪಾನದ ವಿಷಯದಲ್ಲಿ ಅಷ್ಟಾಗಿ ಕಂಡುಬರುವುದಿಲ್ಲ. ಅರವತ್ತು ದಾಟಿದ ಗಂಡಸರಿಗಾದರೋ ಯಾವುದನ್ನು, ಎಷ್ಟು, ಯಾವ ಹೊತ್ತಿನಲ್ಲಿ ಕುಡಿಯಬೇಕೆಂಬುದು ವ್ರತದ ಪ್ರಶ್ನೆಯಾಗಿರುವಂತೆಯೇ ಶರೀರದ ಪ್ರಶ್ನೆಯೂ ಆಗಿದೆ.

ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಪ್ರಾಸ್ಟೇಟ್ ಎಂಬ ಗ್ರಂಥಿಯಿದೆ. ಯೌವನದಲ್ಲಿ ಅದರ ತೂಕ ಸುಮಾರು 20 ಗ್ರಾಂ. ವಯಸ್ಸಾದಂತೆ ಅದು ದಪ್ಪವಾಗುತ್ತದೆ. 60ರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ ಈ ಬೆಳವಣಿಗೆ ಇರುತ್ತದೆ. ಇದು ಕ್ಯಾನ್ಸರ್ ಅಲ್ಲ. ಆದರೆ ನಡುವೆ ಹಾಯುವ ನಾಳ ಒತ್ತಿದಂತಾಗಿ ಧಾರೆ ಸಣ್ಣದಾಗುತ್ತದೆ, ತಡೆತಡೆದು ಬರುತ್ತದೆ, ಕೋಶ ಪೂರ್ತಿ ಬರಿದಾಗುವುದಿಲ್ಲ. ಇದಲ್ಲದೆ, ರಾತ್ರಿ ಮೂತ್ರದ ಉತ್ಪತ್ತಿಯನ್ನು ತಗ್ಗಿಸುವ ಹಾರ್ಮೋನು ವೃದ್ಧಾಪ್ಯದಲ್ಲಿ ಕುಗ್ಗುತ್ತದೆ. ಹಗಲು ಕಾಲಿನಲ್ಲಿ ಬಾವಾಗಿ ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಆದುದರಿಂದ ರಾತ್ರಿ ಏಳುವುದೆಲ್ಲವೂ ಪ್ರಾಸ್ಟೇಟಿನ ದೋಷವೆಂದು ಭಾವಿಸಲಾಗದು. ಸಕ್ಕರೆ ಕಾಯಿಲೆ, ಹೃದಯದ ದೌರ್ಬಲ್ಯಗಳೂ ಕಾರಣವಾಗಬಹುದು.

ರಾತ್ರಿ ಮೂರು ನಾಲ್ಕು ಬಾರಿ ಏಳಬೇಕಾಗಿ ಬಂದ ವೃದ್ಧರು ಸಾಮಾನ್ಯವಾಗಿ ಹಿಡಿಯುವ ಉಪಾಯವೆಂದರೆ ನೀರನ್ನೇ ಕಡಿಮೆ ಮಾಡುವುದು. ಮನೆಯವರು ಕೇಳಿದರೆ ನಿಯಮವಿದೆ ಎಂಬ ಉತ್ತರ. ನಿಯಮವೆಂದ ಮೇಲೆ ಸೊಸೆಯಾಗಲಿ ಮಗನಾಗಲಿ ಎರಡನೆಯ ಮಾತನ್ನು ಆಡುವುದಿಲ್ಲ. ಹೀಗೆ ಸಂಕೋಚವು ತಪಸ್ಸಿನ ವೇಷವನ್ನು ಧರಿಸಿ, ರೋಗವು ವರ್ಷಗಟ್ಟಲೆ ಮರೆಯಲ್ಲಿ ಬೆಳೆಯುತ್ತದೆ. ಈ ಉಪಾಯದಿಂದ ಬಾಧೆಯೂ ತಗ್ಗದು. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಕೋಶವನ್ನು ಕೆರಳಿಸುತ್ತದೆ. ಉರಿ, ಸೋಂಕು, ಕಲ್ಲುಗಳಿಗೆ ಎಡೆಯಾಗುತ್ತದೆ. ಮಲಬದ್ಧತೆಯುಂಟಾಗಿ ಮೂತ್ರದ ತಡೆ ಇನ್ನಷ್ಟು ಹೆಚ್ಚುತ್ತದೆ. ಹೃದಯ, ಮೂತ್ರಪಿಂಡಗಳ ಕಾರಣದಿಂದ ವೈದ್ಯರು ನೀರನ್ನು ಮಿತಗೊಳಿಸದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಪಾನ ಸಾಮಾನ್ಯವಾಗಿ ಯುಕ್ತ. ಬೇಸಿಗೆಯಲ್ಲಿ ಇನ್ನಷ್ಟು ಬೇಕು. ಮೂತ್ರವು ತಿಳಿಹಳದಿಯಾಗಿದ್ದರೆ ಅಳತೆ ಸರಿಯಾಗಿದೆಯೆಂದು ತಿಳಿಯಬಹುದು.

ಇನ್ನು ಕಾಫಿ. ಇದರಲ್ಲಿರುವ ಕೆಫೀನ್ ಮೂತ್ರವನ್ನು ಹೆಚ್ಚಿಸುವುದಲ್ಲದೆ ಕೋಶದ ಸ್ನಾಯುವನ್ನೂ ಪ್ರಚೋದಿಸಿ, ಕೋಶ ತುಂಬುವ ಮೊದಲೇ ಅವಸರವನ್ನು ಹುಟ್ಟಿಸುತ್ತದೆ. ಚಹಾದಲ್ಲಿ ಕೆಫೀನ್ ಕಡಿಮೆ. ಆದರೆ ನಾಲ್ಕು ಲೋಟ ಚಹಾ ಕುಡಿದು ಕಾಫಿ ಬಿಟ್ಟೆನೆಂದರೆ ಅರ್ಥವಿಲ್ಲ. ಕಾಫಿ ಪ್ರಾಸ್ಟೇಟ್ ಕ್ಯಾನ್ಸರನ್ನು ತರುತ್ತದೆಂಬ ಭಯಕ್ಕೆ ಮಾತ್ರ ಆಧಾರವಿಲ್ಲ. ಅಮೆರಿಕದಲ್ಲಿ ಸುಮಾರು 48,000 ಗಂಡಸರನ್ನು ಅನುಸರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚು ಕಾಫಿ ಕುಡಿಯುವವರಲ್ಲಿ ಮಾರಕ ಸ್ವರೂಪದ ಕ್ಯಾನ್ಸರ್ ಕಡಿಮೆಯಾಗಿಯೇ ಕಂಡಿತು. ಕೆಫೀನ್ ತೆಗೆದ ಕಾಫಿಯಲ್ಲೂ ಹಾಗೆಯೇ. ಅದು ಔಷಧವೆಂದು ಇದರಿಂದ ಸಿದ್ಧವಾಗದು. ಕಾಫಿಯ ಕಾಟವಿರುವುದು ಕೋಶಕ್ಕೆ. ಬೆಳಗಿನ ಒಂದು ಲೋಟವನ್ನು ಉಳಿಸಿಕೊಂಡು ಮಧ್ಯಾಹ್ನದ ನಂತರದ್ದನ್ನು ಬಿಟ್ಟರೆ ಅನೇಕರಿಗೆ ಉಪಶಮನ ದೊರೆಯುತ್ತದೆ. ಬಿಡುವುದನ್ನು ಕ್ರಮಕ್ರಮವಾಗಿ ಬಿಡಬೇಕು. ಉಪವಾಸದ ದಿನದ ತಲೆನೋವು ಎಷ್ಟೋ ಬಾರಿ ಹಸಿವಿನದಲ್ಲ, ತಪ್ಪಿದ ಕಾಫಿಯದು!

ಧನಿಯಾ ಜೀರಿಗೆಯ ಕಷಾಯ, ನೀರುಮಜ್ಜಿಗೆ, ಬಾರ್ಲಿ ನೀರುಗಳಲ್ಲಿ ಕೆಫೀನ್ ಇಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡ ದುರ್ಬಲವಾದವರು ವೈದ್ಯರನ್ನು ಕೇಳದೆ ಕುಡಿಯಬಾರದು. ಮದ್ಯದ ಮಾತನ್ನು ಇಲ್ಲಿ ಎತ್ತಬೇಕಾಗಿಲ್ಲ. ಅದರ ತ್ಯಾಗವು ಮೂಲಗುಣಗಳಲ್ಲೇ ಸೇರಿದೆ.

ಸೂರ್ಯಾಸ್ತದ ನಂತರ ನೀರನ್ನು ತ್ಯಜಿಸುವ ನಿಯಮವು ರಾತ್ರಿಯ ಮೂತ್ರಬಾಧೆಯುಳ್ಳವರಿಗೆ ಸಹಜವಾಗಿಯೇ ಅನುಕೂಲ. ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಪಾನವನ್ನು ನಿಲ್ಲಿಸಿರೆಂದು ವೈದ್ಯರೂ ಹೇಳುತ್ತಾರೆ. ಆದರೆ ನಿತ್ಯದ ಆಚರಣೆ ಹೇಗಿದೆ? ಹಗಲೆಲ್ಲ ನೀರಿನ ನೆನಪಿಲ್ಲ. ಹೊತ್ತು ಮುಳುಗಲು ಕಾಲುಗಂಟೆಯಿದೆಯೆನ್ನುವಾಗ ಅವಸರದಿಂದ ಊಟ, ಆಮೇಲೆ ರಾತ್ರಿಗೆ ಬೇಕಾದೀತೆಂದು ಎರಡು ಚೊಂಬು ನೀರು. ಶರೀರ ನೀರನ್ನು ಕೂಡಿಟ್ಟುಕೊಳ್ಳುವ ಹಗೇವಲ್ಲ. ಆರೂಕಾಲಿಗೆ ಕುಡಿದದ್ದು ಎಂಟೊಂಬತ್ತರ ವೇಳೆಗೆ ಕೋಶದಲ್ಲಿರುತ್ತದೆ. ಉಳಿದದ್ದು ನಿದ್ರೆಯನ್ನು ಕೆಡಿಸುತ್ತದೆ. ದಿನದ ನೀರಿನ ಹೆಚ್ಚು ಭಾಗವನ್ನು ಮಧ್ಯಾಹ್ನ ಮೂರರೊಳಗೆ ಸ್ವಲ್ಪ ಸ್ವಲ್ಪವಾಗಿ ಮುಗಿಸಿ, ಸಂಜೆಯ ಊಟದೊಡನೆ ಒಂದು ಲೋಟ ಮಾತ್ರ ಕುಡಿಯುವುದು ಯೋಗ್ಯ. ಕಾಲು ಬಾವಿರುವವರು ಸಂಜೆ ಸ್ವಲ್ಪ ಹೊತ್ತು ಕಾಲನ್ನು ಎತ್ತರಿಸಿ ಒರಗಿದ್ದರೆ ಆ ನೀರು ಮಲಗುವ ಮೊದಲೇ ಹೊರಬೀಳುತ್ತದೆ. ಮೂರು ದಿನ ಕುಡಿದ ಹೊತ್ತು, ಅಳತೆ, ಮೂತ್ರಕ್ಕೆ ಹೋದ ಹೊತ್ತುಗಳನ್ನು ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿದರೆ ಅರ್ಧ ನಿದಾನ ಅದರಲ್ಲೇ ಆಗುತ್ತದೆ.

ಅಷ್ಟಮಿ, ಚತುರ್ದಶಿಗಳಂದು ನಿರ್ಜಲ ಉಪವಾಸ ಮಾಡುವ ವೃದ್ಧರ ವಿಚಾರ ಬೇರೆ. ಪ್ರಾಸ್ಟೇಟಿಗಾಗಿ ಕೊಡುವ ಕೆಲವು ಮಾತ್ರೆಗಳು ರಕ್ತದೊತ್ತಡವನ್ನು ತಗ್ಗಿಸುತ್ತವೆ. ನೀರಿಲ್ಲದ ದೇಹದಲ್ಲಿ ಎದ್ದೊಡನೆ ಕಣ್ಣು ಕತ್ತಲೆಯಾಗಿ ಬೀಳುವ ಸಂಭವವಿದೆ. ಸಕ್ಕರೆ ಕಾಯಿಲೆಯ ಕೆಲವು ಔಷಧಗಳೂ ಉಪವಾಸದಲ್ಲಿ ಅಪಾಯಕಾರಿ. ಇಂಥವರು ವ್ರತ ಸ್ವೀಕರಿಸುವ ಮೊದಲೇ ವೈದ್ಯರಿಗೂ ಗುರುಗಳಿಗೂ ತಿಳಿಸಬೇಕು. ಷೋಡಶ ಭಾವನೆಗಳಲ್ಲಿ ತ್ಯಾಗ, ತಪಗಳೆರಡನ್ನೂ ಶಕ್ತಿಗನುಸಾರವಾಗಿಯೇ ಹೇಳಿದೆ. ನಿರ್ಜಲದ ಬದಲು ಜಲಸಹಿತ ಉಪವಾಸವನ್ನೋ ಏಕಭುಕ್ತವನ್ನೋ ಕೈಗೊಳ್ಳಲು ಸಂಕೋಚಪಡಬೇಕಾಗಿಲ್ಲ. ಪಾರಣೆಯ ದಿನ ಒಮ್ಮೆಲೇ ಚೊಂಬುಗಟ್ಟಲೆ ನೀರು ಕುಡಿಯುವುದು ತರವಲ್ಲ. ತಡೆಯಿರುವ ಕೋಶ ಅತಿಯಾಗಿ ಹಿಗ್ಗಿದರೆ ಮೂತ್ರ ಕಟ್ಟಿಕೊಳ್ಳಬಹುದು. ನೆಗಡಿಯ ಕೆಲವು ಮಾತ್ರೆಗಳಿಂದಲೂ ಹೀಗಾಗುವುದುಂಟು.

ಮೂತ್ರದಲ್ಲಿ ರಕ್ತ, ಚಳಿಜ್ವರದೊಡನೆ ಉರಿ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಕಿಬ್ಬೊಟ್ಟೆ ಬಿಗಿದು ನೋಯುತ್ತಿದ್ದೂ ಒಂದು ಹನಿಯೂ ಬಾರದಿದ್ದರೆ ಅದು ಆ ಗಳಿಗೆಯಲ್ಲೇ ಆಸ್ಪತ್ರೆ ಸೇರಬೇಕಾದ ಸ್ಥಿತಿ. ಅಲ್ಲಿ ಸಣ್ಣ ನಳಿಕೆಯನ್ನು ಏರಿಸಿ ಮೂತ್ರವನ್ನು ಬಿಡಿಸುತ್ತಾರೆ. ನೋವು ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಈ ಚಿಕಿತ್ಸೆ ಅನ್ನವೂ ಅಲ್ಲ, ಪಾನವೂ ಅಲ್ಲ. ಉಪವಾಸದ ದಿನವೆಂದು ಅದನ್ನು ಮರುದಿನಕ್ಕೆ ಮುಂದೂಡಲು ಕಾರಣವೇ ಇಲ್ಲ.