ಕಪ್ಪುಹಲಗೆಯ ಎರಡು ಕಾಲಂ: ಮಾರ್ಮನ್–ಇವಾಂಜೆಲಿಕಲ್ ಸಂವಾದದ ಒಂದು ಪಾಠ

ಭಿನ್ನ ನಂಬಿಕೆಯವರ ನಡುವಿನ ಸಂವಾದ ಎಂಬ ಘಟಕಕ್ಕೆ ಸಹಪ್ರಶಿಕ್ಷಣಾರ್ಥಿಗಳ ಮುಂದೆ ಅನುಕರಣ ಪಾಠ ಮಾಡಬೇಕಿತ್ತು. ನಮ್ಮ ಊರಿನ ಉದಾಹರಣೆ ತೆಗೆದುಕೊಂಡರೆ ತರಗತಿಯೇ ಎರಡು ಪಕ್ಷವಾದೀತು ಎಂದು ಅಂಜಿ, ಅಮೆರಿಕದ ಮಾರ್ಮನ್ನರು ಮತ್ತು ಇವಾಂಜೆಲಿಕಲ್ ಕ್ರೈಸ್ತರನ್ನು ಆರಿಸಿಕೊಂಡೆ. ಇಬ್ಬರೂ ಕ್ರಿಸ್ತನನ್ನು ನಂಬುವವರು. ಆದರೂ 1830ರಲ್ಲಿ ಜೋಸೆಫ್ ಸ್ಮಿತ್ ಮಾರ್ಮನ್ ಗ್ರಂಥ ಪ್ರಕಟಿಸಿ ಹೊಸ ಸಭೆ ಕಟ್ಟಿದಂದಿನಿಂದ ಇವರ ನಡುವೆ ಮನಸ್ತಾಪ ಇದೆ.

ಪೀಠಿಕೆ ಮುಗಿಸಿ ಹಲಗೆಯ ಮೇಲೆ ಎರಡು ಕಾಲಂ ಎಳೆದೆ. ‘ರಕ್ಷಣೆ’ ಎಂಬ ಅಂಶದ ಎದುರು ಇವಾಂಜೆಲಿಕಲ್ ಕಡೆ ‘ನಂಬಿಕೆ ಸಾಕು, ನಡತೆ ಬೇಕಿಲ್ಲ’ ಎಂದೂ ಮಾರ್ಮನ್ ಕಡೆ ‘ಸತ್ಕಾರ್ಯದಿಂದಲೇ ರಕ್ಷಣೆ’ ಎಂದೂ ಬರೆದೆ. ಹಿಂದಿನ ಬೆಂಚಿನ ಗೆಳತಿಯೊಬ್ಬಳು ಎದ್ದು ನಿಂತಳು. “ಮೇಡಂ, ನಾನು ಹೋಗೋದು ಅಂಥ ಸಭೆಗೇ. ನಡತೆ ಬೇಕಿಲ್ಲ ಅಂತ ನಮ್ಮಲ್ಲಿ ಯಾರೂ ಹೇಳಲ್ಲ. ನಂಬಿಕೆ ನಿಜವಾಗಿದ್ರೆ ನಡತೆ ಅದರ ಹಿಂದೆಯೇ ಬರುತ್ತೆ ಅಂತೀವಿ.” ದೂರದ ವಿಷಯವೆಂದುಕೊಂಡಿದ್ದು ಮೂರನೇ ಬೆಂಚಿನಲ್ಲೇ ಕೂತಿತ್ತು.

ಅವಲೋಕಕರು ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: “ಎರಡನೇ ಕಾಲಂ ತಿದ್ದಲು ಏಳುವವರು ತರಗತಿಯಲ್ಲಿ ಯಾರಿದ್ದರು?”

ಯಾರೂ ಇರಲಿಲ್ಲ. ನನ್ನ ಟಿಪ್ಪಣಿಗಳೆಲ್ಲ ಮಾರ್ಮನ್ನರನ್ನು ಟೀಕಿಸುವವರ ಬರಹದಿಂದ ಬಂದವು. ಮರುಪಾಠಕ್ಕೆ 1997ರ ‘ಹೌ ವೈಡ್ ದ ಡಿವೈಡ್?’ ಪುಸ್ತಕವನ್ನು ಆಧಾರ ಮಾಡಿಕೊಂಡೆ. ಡೆನ್ವರ್ ಸೆಮಿನರಿಯ ಕ್ರೇಗ್ ಬ್ಲೊಂಬರ್ಗ್ ಮತ್ತು ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸ್ಟೀಫನ್ ರಾಬಿನ್ಸನ್ ಕೂಡಿ ಬರೆದದ್ದು. ಪವಿತ್ರಗ್ರಂಥ, ದೇವರು, ಕ್ರಿಸ್ತ, ರಕ್ಷಣೆ – ಪ್ರತಿ ವಿಷಯದಲ್ಲೂ ತಂತಮ್ಮ ನಂಬಿಕೆಯನ್ನು ತಾವೇ ಹೇಳಿ, ಕೊನೆಗೆ ಒಪ್ಪಿದ್ದೇನು, ಒಪ್ಪದ್ದೇನು ಎಂದು ಸೇರಿ ಬರೆಯುತ್ತಾರೆ. ಕ್ರಿಸ್ತನ ಕೃಪೆಯಿಲ್ಲದೆ ರಕ್ಷಣೆಯಿಲ್ಲ ಎಂದು ಒತ್ತಿ ಹೇಳಿದವರು ರಾಬಿನ್ಸನ್. ನನ್ನ ಎರಡನೇ ಕಾಲಮ್ಮೂ ಬಿತ್ತು.

ಹಾಗೆಂದು ಭೇದ ಅಳಿಯಲಿಲ್ಲ. ತಂದೆ, ಮಗ, ಪವಿತ್ರಾತ್ಮ ಬೇರೆ ಬೇರೆಯಾದ ಮೂವರು, ತಂದೆಗೂ ಶರೀರವುಂಟು ಎಂಬುದು ಮಾರ್ಮನ್ ಬೋಧನೆ. ಮೂವರೂ ಒಂದೇ ದೇವರು ಎಂಬುದನ್ನು ಇವಾಂಜೆಲಿಕಲರು ಬಿಟ್ಟುಕೊಡುವುದಿಲ್ಲ. ‘ದೇವರು’ ಪದ ಒಂದೇ, ಅರ್ಥ ಎರಡು. ಗೌರವದ ಹೆಸರಿನಲ್ಲಿ ಇದನ್ನು ಮುಚ್ಚಿಟ್ಟರೆ ಅದು ಪಾಠವಲ್ಲ, ಉಪಚಾರ.

2004ರಲ್ಲಿ ಫುಲ್ಲರ್ ಸೆಮಿನರಿಯ ಅಧ್ಯಕ್ಷ ರಿಚರ್ಡ್ ಮೌ ಸಾಲ್ಟ್ ಲೇಕ್ ನಗರದ ಟ್ಯಾಬರ್ನೇಕಲ್‌ನಲ್ಲಿ ನಿಂತು, ಮಾರ್ಮನ್ನರ ನಂಬಿಕೆಯನ್ನು ತಮ್ಮವರು ತಪ್ಪಾಗಿ ಚಿತ್ರಿಸಿದ್ದಕ್ಕೆ ಕ್ಷಮೆ ಕೇಳಿದರು. ಅವರ ಕಡೆಯವರೇ ಕೆಲವರು ಮುನಿಸಿಕೊಂಡರು. ತರಗತಿಯಲ್ಲಿ ಹೆಚ್ಚು ಚರ್ಚೆಯಾದದ್ದು ಇದೇ: ತನ್ನ ನಂಬಿಕೆ ಬಿಡದೆ ಕ್ಷಮೆ ಕೇಳಬಹುದೇ?

ಹೆಸರಿನ ಮಾತೂ ಬಂತು. ‘ಮಾರ್ಮನ್’ ಎನ್ನದೆ ಪೂರ್ಣ ಹೆಸರು ಬಳಸಿರೆಂದು ಆ ಸಭೆಯ ಅಧ್ಯಕ್ಷರು 2018ರಲ್ಲಿ ಕೋರಿದ್ದರು. ‘ದ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಎಂದು ಹಲಗೆಯ ಮೇಲೆ ಬರೆದೆ. ಎರಡು ಸಾಲು ಹಿಡಿಯಿತು. ಇಲ್ಲಿ ಓದುಗರ ಪರಿಚಯಕ್ಕೆಂದು ಹಳೆಯ ಹೆಸರನ್ನೇ ಬಳಸಿದ್ದೇನೆ.

ಮೌಲ್ಯಮಾಪನದ ಪ್ರಶ್ನೆ ಬದಲಾಯಿಸಿದೆ: ‘ವ್ಯತ್ಯಾಸ ಪಟ್ಟಿಮಾಡಿ’ ಬದಲು ‘ನೀವು ಒಪ್ಪದ ನಂಬಿಕೆಯೊಂದನ್ನು, ಅದನ್ನು ನಂಬುವವರು ಹೌದೆನ್ನುವಂತೆ ಬರೆಯಿರಿ’. ಗಂಟೆ ಹೊಡೆದಾಗ ಹೆಚ್ಚಿನವರು ಎರಡೇ ವಾಕ್ಯ ಬರೆದಿದ್ದರು, ಅದರಲ್ಲೂ ಒಂದನ್ನು ಹೊಡೆದುಹಾಕಿದ್ದರು.