ಮರಿಲಿಯನ್ ತಾಣಕ್ಕೊಂದು ಇಡುಗಂಟು

ಅಭಿಮಾನಕ್ಕೆ ಲೆಕ್ಕ ಇಡಬಾರದು ಎನ್ನುವವರ ಜತೆ ನನಗೆ ಮೊದಲಿನಿಂದಲೂ ತಕರಾರು. ಲೆಕ್ಕವಿಲ್ಲದ ಅಭಿಮಾನ ನಾಲ್ಕು ವರ್ಷ ಭರ್ಜರಿಯಾಗಿ ನಡೆಯುತ್ತದೆ, ಐದನೆಯ ವರ್ಷ ಶುಲ್ಕ ಕಟ್ಟುವವರಿಲ್ಲದೆ ನಿಲ್ಲುತ್ತದೆ. ಇಂಗ್ಲೆಂಡಿನ ಮರಿಲಿಯನ್ ಎಂಬ ರಾಕ್ ಬ್ಯಾಂಡಿನ ಬಗ್ಗೆ ಬೆಂಗಳೂರಿನಲ್ಲಿ ಕುಳಿತು ಎರಡು ದಶಕಕ್ಕೂ ಮಿಕ್ಕಿ ಒಂದು ವೆಬ್‌ಸೈಟ್ ನಡೆಸುತ್ತಿದ್ದೇನೆ. ಅದು ಇನ್ನೂ ಉಳಿದಿದ್ದರೆ ಅದರಲ್ಲಿ ಸಂಗೀತ ಪ್ರೇಮದ ಪಾಲು ಎಷ್ಟಿದೆಯೋ, ಖರ್ಚಿನ ಪುಸ್ತಕದ ಪಾಲೂ ಅಷ್ಟೇ ಇದೆ.

ಮರಿಲಿಯನ್ ಹೆಸರು ಕೇಳದವರಿಗೆ ಎರಡು ಮಾತು. ಲಂಡನ್ನಿಗೆ ಹತ್ತಿರದ ಏಲ್ಸ್‌ಬರಿ ಊರಿನ ತಂಡ. 1985ರ ‘ಮಿಸ್‌ಪ್ಲೇಸ್ಡ್ ಚೈಲ್ಡ್‌ಹುಡ್’ ಆಲ್ಬಂನ ‘ಕೇಲೀ’ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತ್ತು. ಗಾಯಕ ಫಿಶ್ 1988ರಲ್ಲಿ ಹೊರಟುಹೋದರು, ಮರುವರ್ಷ ಸ್ಟೀವ್ ಹೊಗಾರ್ತ್ ಬಂದರು. ಯಾವ ಊರಿನ ಕಛೇರಿಯಲ್ಲಿ ಯಾವ ಹಾಡು ಯಾವ ಕ್ರಮದಲ್ಲಿ ಬಂತು, ಒಂದೇ ಆಲ್ಬಂ ಬೇರೆ ಬೇರೆ ದೇಶಗಳಲ್ಲಿ ಯಾವ ಹೊದಿಕೆಯಲ್ಲಿ ಬಂತು, ಇಂಥವನ್ನೆಲ್ಲ ಕೂಡಿಸಿಡುವುದು ನನ್ನ ಕೆಲಸ. ತಾರೀಖು ತಪ್ಪಿದ್ದರೆ ಎಲ್ಲಿಂದಲೋ ಒಬ್ಬರು ಹಳೆಯ ಟಿಕೆಟ್ಟಿನ ಫೋಟೊ ಕಳಿಸಿ ತಿದ್ದುತ್ತಾರೆ. ಆ ಟಿಕೆಟ್ಟಿನ ಹರಿದ ಅಂಚು, ಮಾಸಿದ ಮೊಹರು, ಹಿಂಬದಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ಗೀಚಿಕೊಂಡ ಹಾಡಿನ ಪಟ್ಟಿ ನೋಡುವಾಗ ಆಗುವ ಸಂತೋಷಕ್ಕೆ ನನ್ನ ಪುಸ್ತಕದಲ್ಲಿ ಕಲಮು ಇಲ್ಲ.

ಉಳಿದದ್ದಕ್ಕೆಲ್ಲ ಇದೆ. ಡೊಮೈನ್ ಅಂದರೆ ತಾಣದ ಹೆಸರಿನ ವಾರ್ಷಿಕ ಶುಲ್ಕ, ಸರ್ವರಿನಲ್ಲಿ ಜಾಗದ ಬಾಡಿಗೆ, ಪ್ರತಿ ತೆಗೆದಿಡುವ ಹಾರ್ಡ್‌ಡಿಸ್ಕ್. ಎಲ್ಲ ಸೇರಿ ನನಗೆ ಈಗ ವರ್ಷಕ್ಕೆ ಹತ್ತು ಸಾವಿರ ರೂಪಾಯಿಯ ಸುತ್ತಮುತ್ತ. ದೊಡ್ಡ ಮೊತ್ತವಲ್ಲ, ಆದರೆ ಪ್ರತಿ ವರ್ಷ ತಪ್ಪದೆ ಬರುವ ಖರ್ಚು, ಅದೂ ಡಾಲರಿನ ಬೆನ್ನು ಹತ್ತಿ ಏರುವ ಖರ್ಚು. ‘.ಕಾಮ್’ ಹೆಸರಿನ ಸಗಟು ದರ 2000ದಲ್ಲಿ 6 ಡಾಲರ್ ಇತ್ತು. 2024ರ ಸೆಪ್ಟೆಂಬರಿನಲ್ಲಿ 10.26 ಆಯಿತು. 2000ದಲ್ಲಿ ಡಾಲರಿಗೆ ಸುಮಾರು 45 ರೂಪಾಯಿ, 2024ರ ಕೊನೆಯ ಹೊತ್ತಿಗೆ ಅದು 84 ದಾಟಿತು. ಅಲ್ಲಿಗೆ 270 ರೂಪಾಯಿಯದು 860 ಆಯಿತು. ಮಾರುವವರ ಲಾಭ, ಶೇ 18 ಜಿಎಸ್‌ಟಿ, ವಿದೇಶಿ ಕರೆನ್ಸಿಗೆ ಕಾರ್ಡಿನವರು ಹಾಕುವ ಶುಲ್ಕ ಇವೆಲ್ಲ ಇದರ ಮೇಲೆ.

ಪುಕ್ಕಟೆ ಜಾಗದಲ್ಲೇ ನಡೆಸಬಹುದಲ್ಲ ಎಂದು ಕೇಳುವವರಿದ್ದಾರೆ. ಯಾಹೂ ಕಂಪನಿ 1999ರಲ್ಲಿ ಕೊಂಡ ಜಿಯೋಸಿಟೀಸ್ ಎಂಬ ಪುಕ್ಕಟೆ ಜಾಗದಲ್ಲಿ ಲೆಕ್ಕವಿಲ್ಲದಷ್ಟು ಅಭಿಮಾನಿ ಪುಟಗಳಿದ್ದವು. 2009ರ ಅಕ್ಟೋಬರಿನಲ್ಲಿ ಅದಕ್ಕೆ ಬೀಗ ಬಿತ್ತು. ಇಂಟರ್ನೆಟ್ ಆರ್ಕೈವ್‌ನಂಥವರು ಪ್ರತಿ ತೆಗೆದಿಟ್ಟುಕೊಂಡಿದ್ದು ಉಳಿಯಿತು, ಮಿಕ್ಕಿದ್ದು ಹೋಯಿತು. ಬಾಡಿಗೆ ಕೊಡದ ಮನೆಯಲ್ಲಿ ಖಾಲಿ ಮಾಡಿ ಎಂದಾಗ ವಾದಿಸಲು ಬಾಯಿ ಇರುವುದಿಲ್ಲ.

ಜಾಹೀರಾತೂ ನನಗೆ ಒಗ್ಗುವುದಿಲ್ಲ. ಗೂಗಲ್ ಆಡ್‌ಸೆನ್ಸ್ 100 ಡಾಲರ್ ತುಂಬುವ ತನಕ ಹಣ ಕಳಿಸುವುದಿಲ್ಲ, ಸಣ್ಣ ತಾಣಕ್ಕೆ ಅದು ತುಂಬಲು ವರ್ಷಗಟ್ಟಲೆ ಬೇಕು. ಅದಕ್ಕಿಂತ ಮುಖ್ಯವಾದ ಕಾರಣ ಬೇರೆ. ಚಿತ್ರಗಳು, ಹೊದಿಕೆಗಳು, ಹಾಡುಗಳು ಬೇರೆಯವರ ಸ್ವತ್ತು. ವಿಮರ್ಶೆಗೆ ಬೇಕಾದಷ್ಟನ್ನು ಬಳಸಲು ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಅವಕಾಶವಿದೆ. ಅವುಗಳ ಪಕ್ಕದಲ್ಲಿ ಜಾಹೀರಾತು ಹಾಕಿ ಕಾಸು ಎಣಿಸಲು ಕುಳಿತರೆ ಅಭಿಮಾನಿ ವ್ಯಾಪಾರಿಯಾಗುತ್ತಾನೆ.

ಹಾಗಾದರೆ ಓದುಗರಿಂದ ವಂತಿಗೆ? ಇಲ್ಲಿ ಮರಿಲಿಯನ್ ಕಥೆಯನ್ನೇ ಹೇಳಬೇಕು, ಏಕೆಂದರೆ ಅಭಿಮಾನಿಗಳ ಹಣದ ವಿಷಯದಲ್ಲಿ ಇವರಷ್ಟು ಪಾಠ ಕಲಿಸಿದ ಬ್ಯಾಂಡ್ ಇನ್ನೊಂದಿಲ್ಲ. 1997ರ ಹೊತ್ತಿಗೆ ಇಎಂಐ ಎಂಬ ರೆಕಾರ್ಡ್ ಕಂಪನಿಯ ಆಸರೆ ಅವರಿಗೆ ತಪ್ಪಿತ್ತು. ಅಮೆರಿಕಕ್ಕೆ ಹೋದರೆ 60 ಸಾವಿರ ಡಾಲರಿನಷ್ಟು ಕೈಯಿಂದ ಹೋಗುತ್ತದೆ, ಹಾಗಾಗಿ ಬರಲಾರೆವು ಎಂದು ಕೀಬೋರ್ಡ್ ನುಡಿಸುವ ಮಾರ್ಕ್ ಕೆಲ್ಲಿ ಅಭಿಮಾನಿಗಳಿಗೆ ತಿಳಿಸಿದರು. ಅವರು ಹಣ ಕೇಳಿರಲಿಲ್ಲ. ಅಭಿಮಾನಿಗಳೇ ಒಂದು ಖಾತೆ ತೆರೆದು ಅಷ್ಟು ಡಾಲರ್ ಕೂಡಿಸಿದರು, ಪ್ರವಾಸ ನಡೆಯಿತು. ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣ ಹುಟ್ಟಿದ್ದು ಇದಾಗಿ ಹನ್ನೆರಡು ವರ್ಷಕ್ಕೆ, 2009ರಲ್ಲಿ. ಬ್ಯಾಂಡಿನವರು ಇದನ್ನು ಮರೆಯಲಿಲ್ಲ. 2001ರ ‘ಅನೊರಾಕ್ನೊಫೋಬಿಯಾ’ ಆಲ್ಬಂಗೆ, ಇನ್ನೂ ಒಂದು ಹಾಡೂ ಧ್ವನಿಮುದ್ರಣವಾಗುವ ಮೊದಲೇ, ಮುಂಗಡ ಕೇಳಿದರು. 12 ಸಾವಿರಕ್ಕೂ ಹೆಚ್ಚು ಜನ ಕೇಳದ ಹಾಡಿಗೆ ದುಡ್ಡು ಕಟ್ಟಿದರು. ಮುಂಗಡ ಕೊಟ್ಟವರ ಹೆಸರನ್ನು ಆಲ್ಬಂನ ಪುಸ್ತಿಕೆಯಲ್ಲೇ ಅಚ್ಚು ಹಾಕಿಸಿದರು. ಸಾಸಿವೆ ಕಾಳಿನಷ್ಟು ಅಕ್ಷರ, ಸಾಲು ಬಿಡದೆ ಪುಟದ ತುಂಬ ಹೆಸರು. ಕಂಪನಿಯ ವಾರ್ಷಿಕ ವರದಿಯಲ್ಲೂ ಷೇರುದಾರನಿಗೆ ಸಿಗದ ಮರ್ಯಾದೆ ಅದು.

ಹಣ ಕೊಟ್ಟವರಿಗೂ ಖರ್ಚು ಮಾಡುವವರಿಗೂ ನಡುವೆ ಖಾತೆ ಯಾರ ಕೈಯಲ್ಲಿದೆ ಎನ್ನುವುದೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. 2016ರ ಆಲ್ಬಂಗೆ ಮರಿಲಿಯನ್ ಬಳಸಿದ್ದು ಪ್ಲೆಡ್ಜ್‌ಮ್ಯೂಸಿಕ್ ಎಂಬ ಕಂಪನಿಯ ವೇದಿಕೆಯನ್ನು. ಮೂರು ವರ್ಷದ ಮೇಲೆ, 2019ರಲ್ಲಿ, ಆ ಕಂಪನಿ ಮುಳುಗಿತು. ಅಭಿಮಾನಿಗಳು ಕಟ್ಟಿದ ಹಣ ಎಷ್ಟೋ ಕಲಾವಿದರ ಕೈ ಸೇರಲೇ ಇಲ್ಲ. ಮಧ್ಯದಲ್ಲಿ ಕುಳಿತವರು ಅಭಿಮಾನಿಗಳ ಹಣವನ್ನು ಬೇರೆ ಖಾತೆಯಲ್ಲಿ ಇಡಬೇಕು. ಇಡದಿದ್ದರೆ ಕೊಡುವವರ ಪ್ರೀತಿ ಎಷ್ಟು ದೊಡ್ಡದಾದರೂ ಪ್ರಯೋಜನವಿಲ್ಲ.

ಹಾಗಾಗಿ ನಾನು ವಂತಿಗೆ ಪಡೆಯುವುದಿಲ್ಲ. ನಮ್ಮಲ್ಲಿ ಬಂಧುಗಳಲ್ಲದವರಿಂದ ವರ್ಷಕ್ಕೆ 50 ಸಾವಿರಕ್ಕಿಂತ ಹೆಚ್ಚು ಬಂದರೆ ಪೂರ್ತಿ ಮೊತ್ತಕ್ಕೆ ತೆರಿಗೆ. ವಿದೇಶದಿಂದ ಬರುವ ದೇಣಿಗೆಗೆ ಪ್ರತ್ಯೇಕ ಕಾನೂನೇ ಇದೆ. ತೆಗೆದುಕೊಳ್ಳಲೇಬೇಕು ಎನ್ನುವವರು ಮೊದಲು ಲೆಕ್ಕಪರಿಶೋಧಕರ ಬಳಿ ಹೋಗಿ, ಬೇರೆ ಖಾತೆ ತೆರೆದು, ಬಂದದ್ದು ಹೋದದ್ದನ್ನು ವರ್ಷಕ್ಕೊಮ್ಮೆ ಎಲ್ಲರಿಗೂ ತೋರಿಸಬೇಕು.

ನಾನು ಹಿಡಿದ ದಾರಿ ನಮ್ಮ ಊರುಗಳಲ್ಲಿ ಹಳೆಯದು. ದೇವಸ್ಥಾನದಲ್ಲಿ ಶಾಶ್ವತ ಪೂಜೆಗೆ ಒಂದು ಗಂಟು ಇಡುತ್ತಾರೆ. ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ವರ್ಷಕ್ಕೊಂದು ಪೂಜೆ. ನನ್ನ ತಾಣಕ್ಕೂ ಅಂಥದೊಂದು ಇಡುಗಂಟು ಮಾಡಿದ್ದೇನೆ. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ವರ್ಷ ಆರ್‌ಡಿ ಕಟ್ಟಿದರೆ, ಶೇ 6.5 ಬಡ್ಡಿ ಹಿಡಿದರೂ ಎರಡೂವರೆ ಲಕ್ಷ ಆಗುತ್ತದೆ. ಅದನ್ನು ಎಫ್‌ಡಿ ಮಾಡಿದರೆ ವರ್ಷಕ್ಕೆ 16,250 ಬಡ್ಡಿ. ಹತ್ತು ಸಾವಿರ ತಾಣಕ್ಕೆ, ಉಳಿದ 6,250 ಮತ್ತೆ ಅಸಲಿಗೆ. ಈ ಕೊನೆಯ ಭಾಗವನ್ನು ಹಲವರು ಬಿಟ್ಟುಬಿಡುತ್ತಾರೆ. ಖರ್ಚಿಗೆ ಸರಿಸಮ ಬಡ್ಡಿ ಬಂದರೆ ಸಾಕೆಂದು ಒಂದೂವರೆ ಲಕ್ಷಕ್ಕೇ ನಿಲ್ಲಿಸಿದರೆ ಡಾಲರ್ ಏರಿದಾಗ, ಬಡ್ಡಿ ದರ ಇಳಿದಾಗ ಅಸಲಿಗೆ ಕೈ ಹಾಕಬೇಕಾಗುತ್ತದೆ. ದೇವಸ್ಥಾನಗಳ ಎಷ್ಟೋ ಹಳೆಯ ಗಂಟುಗಳು ಇವತ್ತು ಹೂವಿನ ಖರ್ಚಿಗೂ ಸಾಲದಿರುವುದು ಇದೇ ಕಾರಣಕ್ಕೆ. ಬಡ್ಡಿಗೆ ಆದಾಯ ತೆರಿಗೆ ಇದೆ ಎನ್ನುವುದೂ ನೆನಪಿರಲಿ.

ಗಂಟು ಇದ್ದರೂ ಕಟ್ಟುವ ಕೈ ಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರಿನಿಂದ ಕಾರ್ಡಿನ ಮೇಲಿನ ಸ್ವಯಂ ಕಡಿತಕ್ಕೆ ಹೆಚ್ಚುವರಿ ದೃಢೀಕರಣ ಬಂತು. ಆಗ ನನ್ನ ತಾಣದ ಹಣ ತಾನಾಗಿ ಹೋಗುವುದು ನಿಂತಿತು. ಅಂದಿನಿಂದ ಕೈಯಾರೆ ಕಟ್ಟುತ್ತೇನೆ. ‘.ಕಾಮ್’ ಹೆಸರನ್ನು ಒಮ್ಮೆಗೆ ಗರಿಷ್ಠ ಹತ್ತು ವರ್ಷಕ್ಕೆ ಕಾಯ್ದಿರಿಸಬಹುದು. ಅವಧಿ ಮೀರಿ ಕಟ್ಟದಿದ್ದರೆ ಕೆಲವು ವಾರಗಳ ರಿಯಾಯಿತಿ, ಆಮೇಲೆ ದುಬಾರಿ ದಂಡ ತೆತ್ತು ಬಿಡಿಸಿಕೊಳ್ಳಲು 30 ದಿನ, ಆಮೇಲೆ ಅಳಿಸಲು 5 ದಿನ. ಅಲ್ಲಿಂದ ಮುಂದೆ ಆ ಹೆಸರು ಯಾರು ಮೊದಲು ಕೈ ಹಾಕುತ್ತಾರೋ ಅವರದು.

“ಅಪ್ಪ, ನಿನ್ನ ಎಲ್‌ಐಸಿ ಪಾಲಿಸಿ ಯಾವ ಬೀರುವಿನಲ್ಲಿದೆ ಅಂತ ನಂಗೊತ್ತು. ಈ ಸೈಟಿನ ಪಾಸ್‌ವರ್ಡ್ ಎಲ್ಲಿದೆ?” ಎಂದು ಮಗಳು ಕೇಳಿದ್ದಳು. ಈಗ ಪಾಲಿಸಿಯ ಲಕೋಟೆಯಲ್ಲೇ ಒಂದು ಹಾಳೆ ಇದೆ. ತಾಣದ ಹೆಸರು ಎಲ್ಲಿ ನೋಂದಣಿಯಾಗಿದೆ, ಯಾವ ಇಮೇಲಿಗೆ ಸೂಚನೆ ಬರುತ್ತದೆ, ಎಫ್‌ಡಿ ಯಾವ ಶಾಖೆಯಲ್ಲಿದೆ, ಪ್ರತಿ ಇರುವ ಹಾರ್ಡ್‌ಡಿಸ್ಕ್ ಯಾವ ಡ್ರಾಯರಿನಲ್ಲಿದೆ ಎಲ್ಲ ಬರೆದಿದ್ದೇನೆ. ಎಫ್‌ಡಿಗೆ ನಾಮಿನಿ ಅವಳೇ. ಅವಳಿಗೆ ಮರಿಲಿಯನ್ ಅಷ್ಟಕ್ಕಷ್ಟೆ, ಆದರೆ ಕೊಟ್ಟ ಮಾತು ತಪ್ಪುವವಳಲ್ಲ. ತಾಣವನ್ನು ಬೆಳೆಸುವ ಹೊಣೆ ಅವಳಿಗೆ ಬೇಡ, ಬಡ್ಡಿಯಲ್ಲಿ ಶುಲ್ಕ ಕಟ್ಟಿ ಇದ್ದಂತೆ ಇರಿಸಿದರೆ ಸಾಕು ಎಂದು ಹಾಳೆಯ ಕೊನೆಗೆ ಸೇರಿಸಿದ್ದೇನೆ. ಈ ಸಲದ ನವೀಕರಣವನ್ನು ಪೂರ್ತಿ ಹತ್ತು ವರ್ಷಕ್ಕೇ ಮಾಡಿಸುತ್ತೇನೆ.